ಮೊದಲು ಗುರುತು, ಆಮೇಲೆ ಕರೆಂಟು

ಅಟ್ಟದ ಮೇಲೆ ಅರವತ್ತು ಎಪ್ಪತ್ತು ವರ್ಷ ಸುಮ್ಮನೆ ಕುಳಿತು ಉಳಿದುಕೊಂಡ ವಾಲ್ವ್ ರೇಡಿಯೊ, ಕೆಳಗಿಳಿದ ಮೊದಲ ಐದು ನಿಮಿಷದಲ್ಲೇ ಹಾಳಾಗುವುದುಂಟು. ಧೂಳು ಒರೆಸಿದ ಕೂಡಲೇ ಮನೆಯವರಿಗೆಲ್ಲ ಒಂದೇ ಕುತೂಹಲ: ಇದು ಹಾಡುತ್ತದೋ ಇಲ್ಲವೋ? ಪಿನ್ನು ಹೊಂದಿಕೊಳ್ಳದಿದ್ದರೆ ಅಡಾಪ್ಟರ್ ಹುಡುಕಿ ಗೋಡೆಯ ಸಾಕೆಟ್ಟಿಗೆ ಸಿಕ್ಕಿಸುತ್ತಾರೆ. ಅಮೆರಿಕದಲ್ಲಿ 117 ವೋಲ್ಟಿಗೆಂದು ಮಾಡಿದ ಸೆಟ್ಟಿಗೆ ನಮ್ಮ 230 ವೋಲ್ಟ್ ನುಗ್ಗುತ್ತದೆ. ಸಣ್ಣದೊಂದು ಸದ್ದು, ಸುಟ್ಟ ವಾಸನೆ, ಅಷ್ಟರಲ್ಲಿ ಐದು ವಾಲ್ವ್‌ಗಳ ಆಯಸ್ಸು ಮುಗಿದಿರುತ್ತದೆ.

ಇಂಥ ನಷ್ಟವನ್ನು ಪೂರ್ತಿ ತಪ್ಪಿಸಬಹುದು. ಯಾವ ವಿದ್ಯುತ್ತು ಬೇಕು, ಎಷ್ಟು ಬೇಕು, ಎಲ್ಲಿ ಕೊಡಬೇಕು ಎಂಬುದನ್ನು ಆ ರೇಡಿಯೊ ತನ್ನ ಮೈಮೇಲೆಯೇ ಬರೆದುಕೊಂಡಿರುತ್ತದೆ. ಅದನ್ನು ಓದಲು ಎಲೆಕ್ಟ್ರಾನಿಕ್ಸ್ ಪದವಿ ಬೇಕಿಲ್ಲ. ಒಂದು ಟಾರ್ಚು, ಒಂದು ಮಲ್ಟಿಮೀಟರು, ಒಂದು ಸಂಜೆಯ ಬಿಡುವು ಸಾಕು. ಸೆಟ್ ಯಾವುದೆಂದು ಗುರುತಿಸುವ ಕೆಲಸ ಮತ್ತು ಅದಕ್ಕೆ ಕರೆಂಟು ಕೊಡುವ ಕೆಲಸ ಬೇರೆ ಬೇರೆಯೆಂದು ನಾವು ತಿಳಿದಿದ್ದೇವೆ. ನನ್ನ ಮಟ್ಟಿಗೆ ಅವೆರಡೂ ಒಂದೇ ಕೆಲಸ. ಗುರುತು ಸರಿಯಾಗಿ ಸಿಕ್ಕರೆ ವೋಲ್ಟೇಜು ತಾನಾಗಿ ಸಿಗುತ್ತದೆ.

ಎರಡು ಬ್ಯಾಟರಿ ಏಕೆ?

ಟ್ರಾನ್ಸಿಸ್ಟರ್ ರೇಡಿಯೊ ಕಂಡು ಬೆಳೆದವರಿಗೆ ಮೊದಲು ಗೊಂದಲವಾಗುವುದು ಇಲ್ಲೇ. ನಾಲ್ಕು ಸೆಲ್ ಹಾಕಿದರೆ ಹಾಡುವ ಪೆಟ್ಟಿಗೆ ಅವರಿಗೆ ಗೊತ್ತು. ಬ್ಯಾಟರಿಯಲ್ಲಿ ನಡೆಯುವ ವಾಲ್ವ್ ರೇಡಿಯೊಗೆ ಒಂದೇ ಬ್ಯಾಟರಿ ಸಾಲದು.

ವಾಲ್ವ್ ಎಂದರೆ ಗಾಳಿ ತೆಗೆದ ಗಾಜಿನ ನಳಿಗೆ. ಅದರೊಳಗೆ ಕೂದಲಿಗಿಂತ ತೆಳುವಾದ ಒಂದು ತಂತಿ ಇದೆ, ಅದೇ ಫಿಲಮೆಂಟ್. ಅದು ಕಾದಾಗ, ಕುದಿಯುವ ನೀರಿನಿಂದ ಆವಿ ಏಳುವ ಹಾಗೆ, ಎಲೆಕ್ಟ್ರಾನುಗಳು ಏಳುತ್ತವೆ. ಎದ್ದ ಎಲೆಕ್ಟ್ರಾನುಗಳನ್ನು ಸೆಳೆದುಕೊಳ್ಳಲು ಎದುರಿಗೆ ಪ್ಲೇಟ್ ಎಂಬ ಲೋಹದ ತಗಡು ಇರುತ್ತದೆ. ಕಾಯಿಸುವ ಕೆಲಸಕ್ಕೆ ಕಡಿಮೆ ವೋಲ್ಟೇಜು, ಹೆಚ್ಚು ಕರೆಂಟು ಬೇಕು. ಸೆಳೆಯುವ ಕೆಲಸಕ್ಕೆ ಹೆಚ್ಚು ವೋಲ್ಟೇಜು, ಬಹಳ ಕಡಿಮೆ ಕರೆಂಟು ಸಾಕು. ಮೊದಲನೆಯದನ್ನು ಒದಗಿಸುವುದು ‘ಎ’ ಬ್ಯಾಟರಿ, ಎರಡನೆಯದನ್ನು ಒದಗಿಸುವುದು ‘ಬಿ’ ಬ್ಯಾಟರಿ. ತೀರ ಹಳೆಯ ಸೆಟ್ಟುಗಳಲ್ಲಿ ಫಿಲಮೆಂಟು ಮತ್ತು ಪ್ಲೇಟಿನ ನಡುವೆ ನಿಂತು ಹರಿವನ್ನು ಹತೋಟಿಯಲ್ಲಿಡುವ ಗ್ರಿಡ್ಡಿಗೆಂದೇ ‘ಸಿ’ ಬ್ಯಾಟರಿಯೂ ಇರುತ್ತಿತ್ತು. ಮುಂದಿನ ವಿನ್ಯಾಸಗಳು ಅದರ ಅಗತ್ಯವನ್ನು ಇಲ್ಲವಾಗಿಸಿದವು.

ಎ ಬ್ಯಾಟರಿ 1.5 ವೋಲ್ಟಿನಿಂದ 9 ವೋಲ್ಟಿನವರೆಗೆ ಯಾವುದಾದರೂ ಇರಬಹುದು. ಬಿ ಬ್ಯಾಟರಿ ಸಾಮಾನ್ಯವಾಗಿ 45, 67.5 ಅಥವಾ 90 ವೋಲ್ಟ್. ಈ ಎರಡು ಸಂಖ್ಯೆಗಳು ಗೊತ್ತಾದರೆ ರೇಡಿಯೊದ ಗುಟ್ಟಿನಲ್ಲಿ ಹೆಚ್ಚಿನ ಭಾಗ ಗೊತ್ತಾದಂತೆ. ಎರಡೂ ಅದಲು ಬದಲಾದರೆ ಮಾತ್ರ ಪರಿಣಾಮ ಘೋರ. 1.4 ವೋಲ್ಟಿನ ಫಿಲಮೆಂಟಿಗೆ 90 ವೋಲ್ಟ್ ತಗುಲಿದರೆ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಕರಗಿ ತುಂಡಾಗುತ್ತದೆ. ಅದಕ್ಕೆಂದೇ ತಯಾರಕರು ಎರಡೂ ಬ್ಯಾಟರಿಗಳ ಪ್ಲಗ್ಗುಗಳನ್ನು ಬೇರೆ ಬೇರೆ ಆಕಾರದಲ್ಲಿ ಮಾಡುತ್ತಿದ್ದರು. ಯಾರೋ ಆ ಪ್ಲಗ್ಗುಗಳನ್ನು ಕತ್ತರಿಸಿ ಬರಿಯ ತಂತಿ ಬಿಟ್ಟಿದ್ದರೆ ಇನ್ನಷ್ಟು ಎಚ್ಚರ ಬೇಕು.

ಕಾಲ ತಿಳಿಯುವ ಕುರುಹುಗಳು

ಗುರುತಿಸುವ ಕೆಲಸ ಹಿಂಬದಿಯ ಮುಚ್ಚಳ ತೆಗೆಯುವುದರಿಂದ ಶುರುವಾಗುತ್ತದೆ. ಕಂಪನಿಯ ಹೆಸರು ಮುಂದೆ ಇರಬಹುದು, ಆದರೆ ಮಾಡೆಲ್ ನಂಬರು ಹೆಚ್ಚಾಗಿ ಒಳಗೆ ಅಂಟಿಸಿದ ಕಾಗದದಲ್ಲಿ ಅಥವಾ ಭಾಗಗಳನ್ನೆಲ್ಲ ಕೂರಿಸಿದ ಷಾಸಿಯ ತಗಡಿನ ಮೇಲೆ ಇರುತ್ತದೆ. ಅದೇ ಕಾಗದದಲ್ಲಿ ಯಾವ ವಾಲ್ವ್ ಎಲ್ಲಿ ಕೂರಬೇಕು ಎಂಬ ನಕ್ಷೆ, ಯಾವ ಬ್ಯಾಟರಿ ಹಾಕಬೇಕು ಎಂಬ ಸೂಚನೆ ಇರುವುದುಂಟು. ಧೂಳು ಒರೆಸುವ ಭರದಲ್ಲಿ ಒದ್ದೆ ಬಟ್ಟೆ ಹಾಕಿ ಆ ಕಾಗದವನ್ನು ಕಳೆದುಕೊಳ್ಳಬೇಡಿ. ಮೊದಲು ಫೋಟೊ ತೆಗೆದಿಟ್ಟುಕೊಳ್ಳಿ.

ಕಾಗದ ಉದುರಿ ಹೋಗಿದ್ದರೂ ದಾರಿ ಮುಚ್ಚಿಲ್ಲ. ಅಮೆರಿಕದ ಸೆಟ್ಟುಗಳನ್ನೇ ನೋಡೋಣ. 1920ರ ದಶಕದ ಪೋರ್ಟಬಲ್ ಎಂದರೆ ಸೂಟ್‌ಕೇಸಿನಷ್ಟು ದೊಡ್ಡದು. ಅದರಲ್ಲಿ ಫಿಲಮೆಂಟಿನ ಬಿಸಿಯನ್ನು ಕೈಯಿಂದ ಹೊಂದಿಸುವ ರಿಯೋಸ್ಟಾಟ್ ಎಂಬ ತಿರುಗಣೆ ಇರುತ್ತಿತ್ತು. ಆ ಕಾಲದ 199 ಎಂಬ ವಾಲ್ವಿಗೆ ಬೇಕಾದದ್ದು ಸುಮಾರು 3 ವೋಲ್ಟ್. ಮೂರು ಸೆಲ್ಲುಗಳ 4.5 ವೋಲ್ಟನ್ನು ತಗ್ಗಿಸಿ ಕೊಡುವುದೇ ಆ ತಿರುಗಣೆಯ ಕೆಲಸ. 1930ರ ಸುಮಾರಿಗೆ 30, 31, 32 ಎಂಬ ಅಂಕಿಗಳ 2 ವೋಲ್ಟಿನ ವಾಲ್ವ್‌ಗಳು ಬಂದವು. 1938ರ ಹೊತ್ತಿಗೆ ಒಂದೇ ಒಣ ಸೆಲ್ಲಿನಿಂದ ನೇರವಾಗಿ ಉರಿಯುವ 1.4 ವೋಲ್ಟಿನ ವಾಲ್ವ್‌ಗಳು ಬಂದಾಗ ಪೋರ್ಟಬಲ್ ರೇಡಿಯೊ ನಿಜವಾದ ಅರ್ಥದಲ್ಲಿ ಜನಬಳಕೆಗೆ ಬಂತು. 1940ರಲ್ಲಿ ಆರ್‌ಸಿಎ ಕಂಪನಿಯ ಬಿಪಿ-10 ಎಂಬ ಮಾಡೆಲ್, ಕಿರುಬೆರಳಿನಷ್ಟು ಪುಟ್ಟ ಏಳು ಪಿನ್ನಿನ ವಾಲ್ವ್‌ಗಳನ್ನು ಬಳಸಿ, ರೇಡಿಯೊವನ್ನು ಕೈಚೀಲದ ಗಾತ್ರಕ್ಕೆ ಇಳಿಸಿತು.

ಡಯಲ್ ಕೂಡ ಮಾತಾಡುತ್ತದೆ. ಅಮೆರಿಕದಲ್ಲಿ ಮಾರಾಟವಾದ ಸೆಟ್ಟಿನ ಡಯಲಿನಲ್ಲಿ 640 ಮತ್ತು 1240ರ ಬಳಿ ಸಣ್ಣ ತ್ರಿಕೋನ ಗುರುತುಗಳಿದ್ದರೆ ಅದು 1953ರಿಂದ 1963ರ ನಡುವಿನದು. ಶೀತಲ ಸಮರದ ದಿನಗಳಲ್ಲಿ, ಶತ್ರು ವಿಮಾನಗಳು ರೇಡಿಯೊ ಕೇಂದ್ರಗಳ ಅಲೆ ಹಿಡಿದು ಊರು ಪತ್ತೆ ಮಾಡದಿರಲೆಂದು, ತುರ್ತು ಸಂದರ್ಭದಲ್ಲಿ ಆ ಎರಡು ತರಂಗಗಳಲ್ಲಿ ಮಾತ್ರ ಪ್ರಸಾರ ಮಾಡುವ ಕಾನೆಲ್‌ರಾಡ್ ಎಂಬ ವ್ಯವಸ್ಥೆ ಅಲ್ಲಿತ್ತು. ಇನ್ನೊಂದು ಖಚಿತ ಗಡಿ ಯುದ್ಧದ್ದು. 1942ರ ಏಪ್ರಿಲ್‌ನಲ್ಲಿ ಅಮೆರಿಕ ನಾಗರಿಕ ಬಳಕೆಯ ರೇಡಿಯೊ ತಯಾರಿಕೆಯನ್ನು ನಿಲ್ಲಿಸಿತು. ಅದು ಮತ್ತೆ ಶುರುವಾದದ್ದು ಯುದ್ಧ ಮುಗಿದ ಮೇಲೆ. ಹಾಗಾಗಿ ಅಲ್ಲಿನ ಮನೆಬಳಕೆಯ ಸೆಟ್ಟು ಆ ಗಡಿಯ ಈಚಿನದು ಇಲ್ಲವೇ ಆಚಿನದು.

ವಾಲ್ವಿನ ಹೆಸರೇ ಜಾತಕ

ಇಷ್ಟೆಲ್ಲ ಕುರುಹುಗಳಿಗಿಂತ ನಂಬಿಕಸ್ಥ ಸಾಕ್ಷಿ ವಾಲ್ವಿನ ಮೇಲಿನ ಅಕ್ಷರಗಳು. ಅಮೆರಿಕದ ಪದ್ಧತಿಯಲ್ಲಿ ಹೆಸರಿನ ಮೊದಲ ಅಂಕಿ ಫಿಲಮೆಂಟಿನ ವೋಲ್ಟೇಜನ್ನು ಸುಮಾರಾಗಿ ಹೇಳುತ್ತದೆ. 1ಆರ್5, 1ಟಿ4, 1ಎಸ್5 ಇವೆಲ್ಲ 1.4 ವೋಲ್ಟಿನವು. 3ವಿ4, 3ಎಸ್4 ಎಂಬುವು 2.8 ವೋಲ್ಟಿನವು, ಆದರೆ ಅವುಗಳ ಫಿಲಮೆಂಟು ನಡುವೆ ಕವಲೊಡೆದಿರುವುದರಿಂದ ಎರಡು ಅರ್ಧಗಳನ್ನು ಸಮಾಂತರವಾಗಿ ಸೇರಿಸಿ 1.4 ವೋಲ್ಟಿನಲ್ಲೂ ನಡೆಸಬಹುದು. 117 ಎಂದು ಶುರುವಾಗುವ ವಾಲ್ವ್ ಕಂಡರೆ ಅದು ಗೋಡೆಯ ಕರೆಂಟಿನಿಂದಲೇ ಕಾಯ್ದು, ಅದನ್ನು ಎಸಿಯಿಂದ ಡಿಸಿಗೆ ತಿರುಗಿಸುವ ರೆಕ್ಟಿಫೈಯರ್. ಅದು ಇದೆ ಎಂದರೆ ಸೆಟ್ಟು ಬ್ಯಾಟರಿಗೂ ಮನೆಯ ಕರೆಂಟಿಗೂ ಒಗ್ಗುವಂಥದ್ದು ಎಂದರ್ಥ.

ಯುರೋಪಿನ ಪದ್ಧತಿ ಬೇರೆ. ಅಲ್ಲಿ ‘ಡಿ’ ಅಕ್ಷರದಿಂದ ಶುರುವಾಗುವ ಹೆಸರು ಬ್ಯಾಟರಿ ವಾಲ್ವನ್ನು ಸೂಚಿಸುತ್ತದೆ. ಡಿಕೆ91, ಡಿಎಫ್91, ಡಿಎಎಫ್91, ಡಿಎಲ್92 ಎಂಬ ನಾಲ್ಕು, ಅಮೆರಿಕದ 1ಆರ್5, 1ಟಿ4, 1ಎಸ್5, 3ಎಸ್4ಗಳಿಗೆ ಸಮ. 1950ರ ದಶಕದಲ್ಲಿ ಬಂದ 96ರ ಸರಣಿ ಇನ್ನೂ ಮಿತವ್ಯಯಿ. 91ರ ಫಿಲಮೆಂಟು 50 ಮಿಲಿಆಂಪಿಯರ್ ಎಳೆದರೆ, 96ರ ಸರಣಿಯ ಡಿಎಫ್96ಕ್ಕೆ 25 ಸಾಕು. ನಮ್ಮಲ್ಲಿ ಫಿಲಿಪ್ಸ್, ಮರ್ಫಿ ಹೆಸರಿನ ಸೆಟ್ಟುಗಳು ಹೆಚ್ಚು ಇದ್ದುದರಿಂದ ಕನ್ನಡನಾಡಿನ ಅಟ್ಟಗಳಲ್ಲಿ ಈ ಯುರೋಪಿನ ಹೆಸರುಗಳೂ ಕಾಣಬಹುದು. ಬೆಂಗಳೂರಿನ ಜಾಲಹಳ್ಳಿಯಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1961ರಿಂದ ರೇಡಿಯೊ ವಾಲ್ವ್‌ಗಳನ್ನು ತಯಾರಿಸಿತು. ಆದ್ದರಿಂದ ಸೆಟ್ಟು ಯಾವ ದೇಶದ್ದಾದರೂ, ಒಳಗೆ ಬಿಇಎಲ್ ಮುದ್ರೆಯ ವಾಲ್ವ್ ಸಿಕ್ಕರೆ ಅಚ್ಚರಿಪಡಬೇಕಿಲ್ಲ. ಹೊರದೇಶದ ಸೆಟ್ಟಾದರೆ, ಅದು ಇಲ್ಲಿ ಒಮ್ಮೆ ರಿಪೇರಿ ಕಂಡಿದೆ ಎಂಬುದಕ್ಕೆ ಆ ಮುದ್ರೆಯೇ ಪುರಾವೆ.

ವಾಲ್ವ್ ತೆಗೆಯುವಾಗ ಗಾಜಿನ ಒಳಗೋಡೆಯನ್ನೂ ಗಮನಿಸಿ. ಅಲ್ಲಿ ಬೆಳ್ಳಿಯ ಬಣ್ಣದ ಹೊಳೆಯುವ ಕಲೆ ಇದ್ದರೆ ಒಳಗಿನ ನಿರ್ವಾತ ಕಾಪಾಡಿಕೊಂಡಿದೆ. ಅದು ಹಾಲಿನಂತೆ ಬಿಳಿಚಿಕೊಂಡಿದ್ದರೆ ಗಾಳಿ ಹೊಕ್ಕಿದೆ, ಆ ವಾಲ್ವಿಗೆ ಇನ್ನು ಬದುಕಿಲ್ಲ. ಮಲ್ಟಿಮೀಟರಿನಲ್ಲಿ ಫಿಲಮೆಂಟಿನ ಪಿನ್ನುಗಳ ನಡುವೆ ಸಂಪರ್ಕ ಇದೆಯೇ ಎಂದೂ ನೋಡಬಹುದು. ಏಳು ಪಿನ್ನಿನ 1ಟಿ4, 1ಎಸ್5ಗಳಂಥ ವಾಲ್ವ್‌ಗಳಲ್ಲಿ ಅವು ಒಂದನೆಯ ಮತ್ತು ಏಳನೆಯ ಪಿನ್ನುಗಳು.

ಮುಂದಿನ ಪ್ರಶ್ನೆ, ಫಿಲಮೆಂಟುಗಳನ್ನು ಹೇಗೆ ಜೋಡಿಸಿದ್ದಾರೆ ಎಂಬುದು. ಬ್ಯಾಟರಿಗೆ ಮಾತ್ರ ಒಗ್ಗುವ ಚಿಕ್ಕ ಸೆಟ್ಟುಗಳಲ್ಲಿ ಸಾಮಾನ್ಯವಾಗಿ ನಾಲ್ಕೂ ಫಿಲಮೆಂಟುಗಳು ಸಮಾಂತರ. ಎ ಬ್ಯಾಟರಿ 1.5 ವೋಲ್ಟ್. ಗೋಡೆಯ ಕರೆಂಟಿಗೂ ಒಗ್ಗುವ ಸೆಟ್ಟುಗಳಲ್ಲಿ ಅವು ಒಂದರ ಹಿಂದೊಂದು ಸರಣಿಯಲ್ಲಿರುತ್ತವೆ. ಎ ಬ್ಯಾಟರಿ 7.5 ಅಥವಾ 9 ವೋಲ್ಟ್. ಕೆಲಸ ಮಾಡುವಾಗಿನ ಲೆಕ್ಕ ಹಿಡಿದರೆ, ಸಮಾಂತರ ಜೋಡಣೆಯ ಒಟ್ಟು ರೋಧ ಐದಾರು ಓಮ್, ಸರಣಿಯದು ನೂರೈವತ್ತರ ಆಸುಪಾಸು. ತಣ್ಣಗಿರುವಾಗ ಎರಡೂ ಕಡಿಮೆ ತೋರಿಸುತ್ತವೆ, ಆದರೂ ಅಂತರ ಎದ್ದು ಕಾಣುತ್ತದೆ. ಸ್ವಿಚ್ ಆನ್ ಮಾಡಿ, ಬ್ಯಾಟರಿ ಹಾಕದೆ, ಎ ತಂತಿಗಳ ನಡುವೆ ಅಳೆದರೆ ಯಾವ ಬಗೆಯೆಂದು ಅಂದಾಜು ಸಿಗುತ್ತದೆ.

ಒಂದು ಪ್ರಸಿದ್ಧ ಸೆಟ್ಟಿನ ನಿದರ್ಶನ

ಇಷ್ಟನ್ನೂ ಒಂದೇ ಸೆಟ್ಟಿನಲ್ಲಿಟ್ಟು ನೋಡಲು ಝೆನಿತ್ ಕಂಪನಿಯ ಟ್ರಾನ್ಸ್‌ಓಷಿಯಾನಿಕ್‌ಗಿಂತ ಒಳ್ಳೆಯ ನಿದರ್ಶನವಿಲ್ಲ. ಝೆನಿತ್‌ನ ಮುಖ್ಯಸ್ಥ ಯೂಜೀನ್ ಮೆಕ್‌ಡೊನಾಲ್ಡ್ ವಿಹಾರ ನೌಕೆಯ ಹುಚ್ಚಿನವರು. ನೀರಿನ ಮೇಲಿದ್ದಾಗಲೂ ದೂರದ ಕೇಂದ್ರಗಳನ್ನು ಹಿಡಿಯುವ, ಕೈಯಲ್ಲಿ ಹೊತ್ತೊಯ್ಯಬಹುದಾದ ಶಾರ್ಟ್‌ವೇವ್ ರೇಡಿಯೊ ಅವರಿಗೆ ಬೇಕಿತ್ತು. ಮೊದಲ ಮಾಡೆಲ್ 7ಜಿ605 ಮಾರುಕಟ್ಟೆಗೆ ಬಂದದ್ದು 1942ರ ಆರಂಭದಲ್ಲಿ. ಸ್ಪೀಕರಿನ ಬಟ್ಟೆಯ ಮೇಲೆ ಹಾಯಿಹಡಗಿನ ಚಿತ್ರವಿತ್ತು. ಪರ್ಲ್ ಹಾರ್ಬರ್ ದಾಳಿಯಿಂದ ಅಮೆರಿಕ ಯುದ್ಧಕ್ಕೆ ಇಳಿದಿದ್ದರಿಂದ ಬೇಗನೆ ಆ ಜಾಗಕ್ಕೆ ಬಾಂಬರ್ ವಿಮಾನದ ಚಿತ್ರ ಬಂತು. ಬಟ್ಟೆಯ ಮೇಲಿನ ಚಿತ್ರ ನೋಡಿಯೇ ಅದು ಆ ಕೆಲವೇ ತಿಂಗಳುಗಳಲ್ಲಿ ಮೊದಲಿನದೋ ನಂತರದ್ದೋ ಹೇಳಬಹುದು.

1946ರಲ್ಲಿ 8ಜಿ005 ಬಂತು. ಮೊದಲ ಎರಡು ಮಾಡೆಲ್‌ಗಳಲ್ಲಿ ದಪ್ಪ ಬುಡದ ಲಾಕ್ಟಲ್ ವಾಲ್ವ್‌ಗಳಿದ್ದವು. ಜಿ500ರಿಂದ ಮುಂದೆ ಏಳು ಪಿನ್ನಿನ ಪುಟ್ಟ ವಾಲ್ವ್‌ಗಳು. 1951ರ ಎಚ್500 ಅತ್ಯಂತ ಹೆಸರಾದದ್ದು. 1954ರಿಂದ ಬಂದ 600ರ ಸರಣಿಯಲ್ಲಿ ಡಯಲು ಅಡ್ಡಗೆರೆಯಾಗಿ ಉದ್ದಕ್ಕೆ ಚಾಚಿಕೊಂಡಿತು. 1957ರಲ್ಲಿ ಟ್ರಾನ್ಸಿಸ್ಟರಿನ ರಾಯಲ್ 1000 ಬಂದ ಮೇಲೂ ವಾಲ್ವಿನ ಸೆಟ್ಟು 1962ರವರೆಗೆ ಉಳಿದುಕೊಂಡಿತ್ತು.

ಎಚ್500ರ ಹಿಂಬದಿ ತೆರೆದರೆ ಒಂದು 1ಎಲ್6, ಎರಡು 1ಯು4, ಒಂದು 1ಯು5, ಒಂದು 3ವಿ4 ಕಾಣುತ್ತವೆ. ಈಗ ಲೆಕ್ಕ ಮಾಡೋಣ. 1.4 ವೋಲ್ಟಿನ ನಾಲ್ಕು, 2.8 ವೋಲ್ಟಿನ ಒಂದು; ಸರಣಿಯಲ್ಲಿ ಒಟ್ಟು 8.4 ವೋಲ್ಟ್. ಝೆನಿತ್ ಇದಕ್ಕೆ ನೀಡುತ್ತಿದ್ದ ಝಡ್-985 ಬ್ಯಾಟರಿ ಪ್ಯಾಕಿನಲ್ಲಿ ಎ 9 ವೋಲ್ಟ್, ಬಿ 90 ವೋಲ್ಟ್. ಕಾಗದವಿಲ್ಲದೆ, ವಾಲ್ವ್‌ಗಳ ಹೆಸರು ಓದಿಯೇ ನಾವು ಎ ಬ್ಯಾಟರಿಯ ಉತ್ತರದ ಹತ್ತಿರ ಬಂದೆವು. ಇವುಗಳಲ್ಲಿ 1ಎಲ್6 ಇಂದು ಅಪರೂಪ, ಬೆಲೆಯೂ ಹೆಚ್ಚು. ಐದೂ ಫಿಲಮೆಂಟುಗಳು ಒಂದೇ ಸರಣಿಯಲ್ಲಿರುವುದರಿಂದ ತಪ್ಪು ವೋಲ್ಟೇಜಿಗೆ ಮೊದಲು ಬಲಿಯಾಗುವುದು ಯಾವುದೆಂದು ಹೇಳಲಾಗದು. ಅದೇ ಬಲಿಯಾದರೆ ಸೆಟ್ಟಿನ ಬೆಲೆಯೇ ಅದಕ್ಕೆ ಹೋದೀತು.

ಬ್ಯಾಟರಿ ಕಟ್ಟುವ ಬಗೆ

ಆ ಕಾಲದ ಬಿ ಬ್ಯಾಟರಿಗಳು ಇಂದು ಅಂಗಡಿಯಲ್ಲಿ ಸಿಗುವುದಿಲ್ಲ. ಆದರೆ ಅವುಗಳ ಕೆಲಸ ಮಾಡಬಲ್ಲ ಬ್ಯಾಟರಿ ಪ್ರತಿ ಊರಿನಲ್ಲೂ ಇದೆ. ಮಲ್ಟಿಮೀಟರಿಗೆ ಹಾಕುವ ಚೌಕಾಕಾರದ 9 ವೋಲ್ಟಿನ ಬ್ಯಾಟರಿ ಹತ್ತನ್ನು ಸರಣಿಯಲ್ಲಿ ಸೇರಿಸಿದರೆ 90 ವೋಲ್ಟ್. 67.5 ವೋಲ್ಟ್ ಬೇಕಿದ್ದರೆ ಏಳು ಸಾಕು; ಹೊಸ ಬ್ಯಾಟರಿ ಒಂಬತ್ತೂವರೆ ವೋಲ್ಟಿನ ಆಸುಪಾಸು ಇರುವುದರಿಂದ ಲೆಕ್ಕ ಹತ್ತಿರ ಹತ್ತಿರ ಕೂಡಿಬರುತ್ತದೆ. ಇಂಥ ಸೆಟ್ಟು ಬಿ ಕಡೆಯಿಂದ ಎಳೆಯುವುದು ಹತ್ತು ಮಿಲಿಆಂಪಿಯರಿನ ಸುತ್ತಮುತ್ತ ಮಾತ್ರ. ಆಲ್ಕಲೈನ್ ಬ್ಯಾಟರಿ ಹಾಕಿದರೆ ನಲವತ್ತು ಐವತ್ತು ಗಂಟೆ ಕೇಳಬಹುದು.

ಎ ಕಡೆಗೆ ದಪ್ಪ ಟಾರ್ಚಿನ ಡಿ ಸೈಜಿನ ಆಲ್ಕಲೈನ್ ಸೆಲ್ ಉತ್ತಮ. ಸಮಾಂತರ ಜೋಡಣೆಯ ನಾಲ್ಕು ವಾಲ್ವಿನ ಸೆಟ್ಟು 250 ಮಿಲಿಆಂಪಿಯರ್ ಎಳೆಯುವುದರಿಂದ ಒಂದು ಸೆಲ್ ಬೇಗ ಸೋಲುತ್ತದೆ. ಎರಡನ್ನು ಸಮಾಂತರವಾಗಿ ಇಟ್ಟರೆ ಒಳ್ಳೆಯದು. ಎಚ್500ರಂಥ ಸರಣಿಯ ಸೆಟ್ಟಿಗೆ ಆರು ಸೆಲ್ ಬೇಕು, ಆದರೆ ಎಳೆಯುವುದು 50 ಮಿಲಿಆಂಪಿಯರ್ ಮಾತ್ರ; ನೂರಾರು ಗಂಟೆ ಬಾಳುತ್ತವೆ. 1.5 ವೋಲ್ಟನ್ನು 90ಕ್ಕೆ ಏರಿಸುವ ಅಗ್ಗದ ಎಲೆಕ್ಟ್ರಾನಿಕ್ ಮಾಡ್ಯೂಲ್‌ಗಳೂ ಸಿಗುತ್ತವೆ. ಅವು ಉಂಟುಮಾಡುವ ಗೊರಗೊರ ಸದ್ದು ಮೀಡಿಯಂ ವೇವ್‌ನಲ್ಲೇ ಬಂದು ಕೂರುವುದರಿಂದ ಮೊದಲ ಪ್ರಯೋಗಕ್ಕೆ ಅವು ಬೇಡ.

ಜೋಡಿಸುವ ಕ್ರಮ ಮುಖ್ಯ. ಸಮಾಂತರ ಸೆಟ್ಟಾದರೆ ಎಲ್ಲ ವಾಲ್ವ್‌ಗಳನ್ನೂ ತೆಗೆದಿಟ್ಟು, ಎರಡೂ ಬ್ಯಾಟರಿ ಜೋಡಿಸಿ, ಪ್ರತಿ ಸಾಕೆಟ್ಟಿನ ಫಿಲಮೆಂಟ್ ಪಿನ್ನುಗಳ ನಡುವೆ ಅಳೆಯಿರಿ. ಒಂದೂವರೆ ವೋಲ್ಟ್ ತೋರಿಸಿದರೆ ಸರಿ. ಅದಕ್ಕಿಂತ ಹೆಚ್ಚು ತೋರಿಸಿದರೆ ಎಲ್ಲೋ ತಂತಿ ತಪ್ಪಿದೆ, ವಾಲ್ವ್ ಹಾಕಬೇಡಿ. ಸೆಟ್ಟು ಯಾವ ಬಗೆಯದಾದರೂ ಬಿ ಬ್ಯಾಟರಿಯ ತಂತಿಯಲ್ಲಿ 2,200 ಓಮ್‌ನ, 5 ವ್ಯಾಟಿನ ಒಂದು ರೆಸಿಸ್ಟರ್ ಸೇರಿಸಿಯೇ ಮೊದಲ ಬಾರಿ ಆನ್ ಮಾಡಿ. ತಪ್ಪಾಗಿ ಪೂರ್ತಿ 90 ವೋಲ್ಟ್ ಫಿಲಮೆಂಟಿನ ಕಡೆ ಹರಿದರೂ ಆ ರೆಸಿಸ್ಟರ್ 41 ಮಿಲಿಆಂಪಿಯರಿಗಿಂತ ಹೆಚ್ಚು ಬಿಡುವುದಿಲ್ಲ. 50 ಮಿಲಿಆಂಪಿಯರಿನ ಫಿಲಮೆಂಟು ಬದುಕುತ್ತದೆ. ರೇಡಿಯೊ ಸ್ವಲ್ಪ ಮೆಲ್ಲಗೆ ಹಾಡಿದರೂ ಹಾಡುತ್ತದೆ. ಎಲ್ಲ ಸರಿಯೆಂದು ಖಾತರಿಯಾದ ಮೇಲೆ ರೆಸಿಸ್ಟರ್ ತೆಗೆಯಬಹುದು.

ಈ ವಾಲ್ವ್‌ಗಳು ಬೆಳಗುವುದನ್ನು ಕಾಯುತ್ತ ಕೂರಬೇಡಿ. ಬ್ಯಾಟರಿ ವಾಲ್ವಿನ ಫಿಲಮೆಂಟು ಎಷ್ಟು ಮಂದವಾಗಿ ಉರಿಯುತ್ತದೆಂದರೆ ಕತ್ತಲೆಯ ಕೋಣೆಯಲ್ಲೂ ಕಾಣುವುದು ಕಷ್ಟ. ಬೆಳಕಿಲ್ಲವೆಂದು ವೋಲ್ಟೇಜು ಏರಿಸಿದವರು ಒಳ್ಳೆಯ ವಾಲ್ವನ್ನೇ ಕಳೆದುಕೊಳ್ಳುತ್ತಾರೆ. 90 ವೋಲ್ಟ್ ನಿಮಗೂ ಅಪಾಯವೇ. ಬಿ ಬ್ಯಾಟರಿ ಸರಣಿಯ ಎರಡು ತುದಿಗಳನ್ನು ಒಟ್ಟಿಗೆ ಮುಟ್ಟಬೇಡಿ, ಒದ್ದೆ ಕೈಯಲ್ಲಂತೂ ಹತ್ತಿರ ಹೋಗಲೇಬೇಡಿ.

ಗೋಡೆಯ ಕರೆಂಟು ಕೊಡುವುದಾದರೆ

ಬ್ಯಾಟರಿಗೂ ಗೋಡೆಯ ಕರೆಂಟಿಗೂ ಒಗ್ಗುವ ಸೆಟ್ಟನ್ನು ಮೊದಲು ಬ್ಯಾಟರಿಯಲ್ಲೇ ನಡೆಸಿ ಎಂಬುದು ನನ್ನ ಬಲವಾದ ಸಲಹೆ. ಕಾರಣಗಳು ಮೂರು. ಮೊದಲನೆಯದು 117 ಮತ್ತು 230ರ ಅಂತರ. ಎರಡನೆಯದು, ಈ ಸೆಟ್ಟುಗಳಲ್ಲಿ ಹೆಚ್ಚಿನವುಗಳ ಒಳಗೆ ಟ್ರಾನ್ಸ್‌ಫಾರ್ಮರ್ ಇಲ್ಲ. ಗೋಡೆಯ ಒಂದು ತಂತಿ ನೇರವಾಗಿ ಷಾಸಿಯ ತಗಡಿಗೆ ಸೇರಿರಬಹುದು. ನಾಬು ಕಳಚಿ ಹೋದ ದಂಡವನ್ನು ಮುಟ್ಟಿದರೂ ಪ್ರಾಣಾಪಾಯವಿದೆ. ಮೂರನೆಯದು, ಒಳಗಿನ ಹಳೆಯ ಭಾಗಗಳು.

ಹಾಗಾಗಿ 230ರಿಂದ 115ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕು, ಅದೂ ಎರಡು ಪ್ರತ್ಯೇಕ ಸುತ್ತುಗಳಿರುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಸ್ಟೆಪ್‌ಡೌನ್ ಎಂದು ಕೇಳಿದರೆ ಒಂದೇ ಸುತ್ತಿನ ಆಟೊ ಟ್ರಾನ್ಸ್‌ಫಾರ್ಮರ್ ಕೈಗೆ ಬರಬಹುದು. ಅದು ವೋಲ್ಟೇಜು ಇಳಿಸುತ್ತದೆ, ಷಾಕಿನಿಂದ ಕಾಪಾಡುವುದಿಲ್ಲ. ಕೇಳುವಾಗಲೇ ಐಸೊಲೇಷನ್ ಎಂದು ಒತ್ತಿ ಹೇಳಬೇಕು.

ಕರೆಂಟು ಕೊಡುವ ಮುಂಚೆ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳನ್ನು, ಮೇಣ ಸವರಿದ ಕಾಗದದ ಕೆಪಾಸಿಟರ್‌ಗಳನ್ನು ಬದಲಾಯಿಸಬೇಕು. ವಯಸ್ಸಾದಂತೆ ಅವು ಸೋರುತ್ತವೆ. ಅದರಲ್ಲೂ ಔಟ್‌ಪುಟ್ ವಾಲ್ವಿನ ಗ್ರಿಡ್ಡಿಗೆ ಹೋಗುವ ಕೆಪಾಸಿಟರ್ ಸೋರಿದರೆ ಆ ವಾಲ್ವು ಮಿತಿಮೀರಿ ಕರೆಂಟು ಎಳೆದು ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನೂ ಸುಡುತ್ತದೆ. ಎಚ್500ರಂಥ ಸೆಟ್ಟಿನಲ್ಲಿ ಚೌಕ ತಗಡುಗಳನ್ನು ಪೋಣಿಸಿದಂತೆ ಕಾಣುವ ಸೆಲೆನಿಯಂ ರೆಕ್ಟಿಫೈಯರ್ ಇರುತ್ತದೆ. ಅದು ಸುಟ್ಟರೆ ಬರುವ ಹೊಗೆ ವಿಷ. ಅದರ ಬದಲು ಸಿಲಿಕಾನ್ ಡಯೋಡ್ ಹಾಕಬಹುದು, ಆದರೆ ಡಯೋಡಿನಲ್ಲಿ ನಷ್ಟವಾಗುವ ವೋಲ್ಟೇಜು ಕಡಿಮೆ. ಉಳಿದದ್ದೆಲ್ಲ ಫಿಲಮೆಂಟಿನ ಪಾಲಾಗುತ್ತದೆ. ಜೊತೆಗೊಂದು ರೆಸಿಸ್ಟರ್ ಸೇರಿಸಿ, ಫಿಲಮೆಂಟಿನ ವೋಲ್ಟೇಜು ಅಳೆದು ಹೊಂದಿಸಬೇಕು. ಈ ಕೆಲಸ ಬಾರದವರು ವಾಲ್ವ್ ಬಲ್ಲ ರಿಪೇರಿಯವರ ಬಳಿ ಹೋಗುವುದೇ ಕ್ಷೇಮ.

ಗೋಡೆಯ ಕರೆಂಟಿನಲ್ಲಿ ನಡೆಯುತ್ತಿರುವಾಗ ವಾಲ್ವ್ ತೆಗೆದು ಹಾಕುವ ಕೆಲಸ ಎಂದೂ ಬೇಡ. ಸರಣಿಯಲ್ಲಿ ಒಂದನ್ನು ತೆಗೆದರೆ ಹರಿವು ನಿಲ್ಲುತ್ತದೆ, ಕೆಪಾಸಿಟರ್ ಪೂರ್ತಿ ವೋಲ್ಟೇಜಿಗೆ ತುಂಬಿಕೊಳ್ಳುತ್ತದೆ. ಮತ್ತೆ ಸಿಕ್ಕಿಸಿದ ಕ್ಷಣ ಅದೆಲ್ಲ ಫಿಲಮೆಂಟುಗಳ ಮೇಲೆ ಎರಗುತ್ತದೆ. ಬ್ಯಾಟರಿಯಲ್ಲಿ ಸೆಟ್ಟು ಮೌನವಾಗಿದ್ದರೆ ಇನ್ನೊಂದು ಸಂಗತಿ ನೆನಪಿಡಿ: ಕೆಲವು ಸೆಟ್ಟುಗಳಲ್ಲಿ ಗೋಡೆಯ ಪ್ಲಗ್ಗನ್ನು ಷಾಸಿಯಲ್ಲಿರುವ ಒಂದು ರಂಧ್ರಕ್ಕೆ ಸಿಕ್ಕಿಸಿದರೆ ಮಾತ್ರ ಒಳಗಿನ ಸ್ವಿಚ್ಚು ಬ್ಯಾಟರಿಯ ಕಡೆ ತಿರುಗುತ್ತದೆ.

ಇಷ್ಟೆಲ್ಲ ಮಾಡಿದರೆ ಕೇಳಲು ಏನಿದೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಇವುಗಳಲ್ಲಿ ಎಫ್‌ಎಂ ಇಲ್ಲ. ಆದರೆ ಮೀಡಿಯಂ ವೇವ್‌ನಲ್ಲಿ ಆಕಾಶವಾಣಿಯ ಬೆಂಗಳೂರಿಗೆ 612, ಧಾರವಾಡಕ್ಕೆ 765 ಕಿಲೋಹರ್ಟ್ಸ್ ತರಂಗಗಳಿವೆ. ಡಯಲಿನಲ್ಲಿ ಅಂಕಿಗಳ ಕೊನೆಯ ಸೊನ್ನೆ ಬಿಟ್ಟು ಬರೆದಿದ್ದರೆ ಮುಳ್ಳನ್ನು 61ರ, 76ರ ಆಸುಪಾಸಿಗೆ ತಂದು ಹುಡುಕಬೇಕು. ಅಮೆರಿಕದಲ್ಲಿ ಕೇಂದ್ರಗಳ ನಡುವಿನ ಅಂತರ 10 ಕಿಲೋಹರ್ಟ್ಸ್, ನಮ್ಮಲ್ಲಿ 9. ಮುಳ್ಳು ತಿರುಗಿಸುವ ಡಯಲಿಗೆ ಈ ವ್ಯತ್ಯಾಸ ಅಡ್ಡಿಯಾಗುವುದಿಲ್ಲ.

ಕೊನೆಯದಾಗಿ ಒಂದು ಕೋರಿಕೆ. ಮಾಡೆಲ್ ನಂಬರು, ವಾಲ್ವ್‌ಗಳ ಹೆಸರು ಮತ್ತು ಜಾಗ, ಎ ಮತ್ತು ಬಿ ವೋಲ್ಟೇಜು, ಯಾವ ಬಣ್ಣದ ತಂತಿ ಯಾವುದಕ್ಕೆ, ಯಾವ ಭಾಗ ಬದಲಾಯಿಸಿದಿರಿ, ಎಂದು ಬದಲಾಯಿಸಿದಿರಿ ಎಂಬುದನ್ನೆಲ್ಲ ಒಂದು ಗಟ್ಟಿ ಕಾಗದದಲ್ಲಿ ಬರೆದು ಹಿಂಬದಿಯ ಮುಚ್ಚಳದ ಒಳಗೆ ಇಡಿ. ಗೋಡೆಗೆ ನೇರವಾಗಿ ಸಿಕ್ಕಿಸಬಾರದು ಎಂದು ಪ್ಲಗ್ಗಿಗೇ ಒಂದು ಚೀಟಿ ಕಟ್ಟಿ. ತೆಗೆದ ಹಳೆಯ ಭಾಗಗಳನ್ನು, ಖಾಲಿ ಬ್ಯಾಟರಿಯ ಹೊದಿಕೆ ಇದ್ದರೆ ಅದನ್ನೂ ಎಸೆಯಬೇಡಿ. ಕಾರ್ಖಾನೆಯವರು ಅಂಟಿಸಿದ ಒಂದು ಕಾಗದ ಉಳಿದಿದ್ದರಿಂದ ನಮ್ಮ ಕೆಲಸ ಹಗುರವಾಗುತ್ತದೆ. ಅದು ಹರಿದುಹೋದಾಗ ಇಷ್ಟು ದೂರ ಪತ್ತೇದಾರಿಕೆ ಮಾಡಬೇಕಾಗುತ್ತದೆ. ಮುಂದೆ ಈ ರೇಡಿಯೊವನ್ನು ಕೈಗೆತ್ತಿಕೊಳ್ಳುವವರಿಗೆ ವಾಲ್ವಿನ ಬಗ್ಗೆ ನಮಗೆ ಗೊತ್ತಿರುವಷ್ಟೂ ಗೊತ್ತಿರಲಾರದು. ಅವರು ಊಹಿಸಬೇಕಾದ ಪರಿಸ್ಥಿತಿ ತರದಿರುವುದು, ಇಂಥ ಸೆಟ್ಟನ್ನು ಮನೆಯಲ್ಲಿಟ್ಟುಕೊಂಡ ಪ್ರತಿಯೊಬ್ಬರ ಹೊಣೆ.